ಸೆಂಟರ್ ಬ್ಯಾಕ್ ಜೋಡಿ: ಕೆಲವು ಯಾಕೆ ಕೂಡುತ್ತೆ, ಕೆಲವು ಯಾಕೆ ಕೂಡಲ್ಲ? ಪದೇ ಪದೇ ಕೇಳುವ ಪ್ರಶ್ನೆಗಳು

ಫುಟ್‌ಬಾಲ್ ನೋಡೋರಲ್ಲಿ ಮುಕ್ಕಾಲು ಜನ ಗೋಲ್ ಹೊಡೆದೋನ ಬಗ್ಗೆನೇ ಮಾತಾಡ್ತಾರೆ. ಹಿಂದೆ ಮಧ್ಯದಲ್ಲಿ ನಿಂತಿರೋ ಆ ಇಬ್ಬರು ಡಿಫೆಂಡರ್‌ಗಳ, ಅಂದ್ರೆ ಸೆಂಟರ್ ಬ್ಯಾಕ್‌ಗಳ ಕಡೆ ಕಣ್ಣು ಹೋಗೋದು ಅವರು ಎಡವಟ್ಟು ಮಾಡಿದಾಗ ಮಾತ್ರ. ಈ ಇಬ್ಬರ ಹೊಂದಾಣಿಕೆ ಬಗ್ಗೆ ಜನ ಮತ್ತೆ ಮತ್ತೆ ಕೇಳೋ ಪ್ರಶ್ನೆಗಳನ್ನ ಇಲ್ಲಿ ಒಂದು ಕಡೆ ಹಾಕಿದೀನಿ, ಕೆಲವಕ್ಕೆ ಉತ್ತರ ಉದ್ದ ಆಗಿದೆ, ಕೆಲವು ಎರಡೇ ಸಾಲು.

ಇಬ್ಬರು ಟಾಪ್ ಡಿಫೆಂಡರ್‌ಗಳನ್ನ ಪಕ್ಕಪಕ್ಕ ನಿಲ್ಲಿಸಿದ್ರೆ ಆಯ್ತಲ್ಲ, ಅದ್ರಲ್ಲೇನಿದೆ?

ಆಗಲ್ಲ. 2014ರ ವರ್ಲ್ಡ್ ಕಪ್ ಸೆಮಿಫೈನಲ್ ನೆನಪಿಸಿಕೊಳ್ಳಿ, ಬ್ರೆಜಿಲ್ ಜರ್ಮನಿ ಕೈಲಿ 7-1 ಸೋತ ಮ್ಯಾಚು. ಕ್ಯಾಪ್ಟನ್ ತಿಯಾಗೊ ಸಿಲ್ವಾ ಸಸ್ಪೆಂಡ್ ಆಗಿದ್ದ, ಅವನ ಜಾಗಕ್ಕೆ ದಾಂತೆ ಬಂದ, ಪಕ್ಕದಲ್ಲಿ ದಾವಿದ್ ಲೂಯಿಸ್. ದಾಂತೆ ಏನು ಸಾಮಾನ್ಯ ಆಟಗಾರ ಅಲ್ಲ, ಹಿಂದಿನ ವರ್ಷ ತಾನೇ ಬಯರ್ನ್ ಮ್ಯೂನಿಕ್ ಜೊತೆ ಚಾಂಪಿಯನ್ಸ್ ಲೀಗ್ ಗೆದ್ದಿದ್ದೋನು, ಲೂಯಿಸ್ ಕೂಡ 2012ರಲ್ಲಿ ಚೆಲ್ಸಿ ಜೊತೆ ಅದೇ ಕಪ್ ಗೆದ್ದಿದ್ದ. ಆದ್ರೂ 29 ನಿಮಿಷಕ್ಕೆ 5 ಗೋಲ್ ಬಿತ್ತು. ಮಿಡ್‌ಫೀಲ್ಡ್ ಬಾಗಿಲು ತೆರೆದಿಟ್ಟಂಗೆ ಇತ್ತು ಅನ್ನೋದು ನಿಜ, ಎಲ್ಲಾ ಇವರಿಬ್ಬರ ತಲೆಗೇ ಕಟ್ಟೋಕಾಗಲ್ಲ, ಆದ್ರೆ ಆ ಗೋಲ್‌ಗಳನ್ನ ಇನ್ನೊಂದ್ಸಲ ನೋಡಿ: ಲೂಯಿಸ್ ಮುಂದೆ ನುಗ್ತಾನೆ, ಹಿಂದೆ ಅವನ ಜಾಗ ಖಾಲಿ, ಆ ಜಾಗ ತುಂಬೋಕೆ ಯಾರೂ ಇಲ್ಲ. ಲೂಯಿಸ್ ಈ ಥರ ನುಗ್ಗೋದು ಹೊಸದೇನಲ್ಲ, ಸಿಲ್ವಾ ಪಕ್ಕದಲ್ಲಿ ಇದ್ದಾಗ ಅದು ತಪ್ಪು ಅಂತ ಕಾಣಿಸ್ತಾನೇ ಇರ್ಲಿಲ್ಲ, ಯಾಕಂದ್ರೆ ಸಿಲ್ವಾ ಆಗ್ಲೇ ಹಿಂದೆ ಸರಿದು ಕವರ್ ಮಾಡಿರ್ತಿದ್ದ.

ಹಾಗಾದ್ರೆ ಜೋಡಿ ಕೂಡೋದು ಅಂದ್ರೆ ನಿಜವಾಗ್ಲೂ ಏನು?

ಒಬ್ಬ ಹೋದ್ರೆ ಇನ್ನೊಬ್ಬ ನಿಲ್ಬೇಕು. ನನ್ನ ಪ್ರಕಾರ ಎಲ್ಲಾ ಇದ್ರಲ್ಲೇ ಇದೆ.

ಸ್ವಲ್ಪ ಬಿಡಿಸಿ ಹೇಳ್ತೀನಿ. ಎದುರಾಳಿ ಸ್ಟ್ರೈಕರ್ ಕಾಲಿಗೆ ಬಾಲ್ ಬರ್ತಿದೆ, ಅವನ ಬೆನ್ನು ನಮ್ಮ ಗೋಲ್ ಕಡೆ. ಹತ್ತಿರ ಇರೋ ಸೆಂಟರ್ ಬ್ಯಾಕ್ ಅವನ ಬೆನ್ನಿಗೆ ಅಂಟಿಕೊಂಡು ತಿರುಗೋಕೆ ಬಿಡಬಾರ್ದು, ಅದು ಎಲ್ಲರಿಗೂ ಗೊತ್ತು. ಆದ್ರೆ ಅವನು ಮುಂದೆ ಹೆಜ್ಜೆ ಇಟ್ಟ ಕ್ಷಣದಲ್ಲೇ ಪಾರ್ಟ್ನರ್ ಏನ್ ಮಾಡ್ತಾನೆ ಅನ್ನೋದ್ರ ಮೇಲೆ ಮ್ಯಾಚ್ ನಿಂತಿರತ್ತೆ. ಪಾರ್ಟ್ನರ್ ಎರಡು ಮೂರು ಹೆಜ್ಜೆ ಒಳಗಡೆ ಬಂದು, ಸ್ವಲ್ಪ ಹಿಂದೆ ಸರಿದು, ಮುಂದೆ ಹೋದೋನ ಹಿಂದಿನ ಗ್ಯಾಪ್ ಕಡೆ ಓರೆಯಾಗಿ ನಿಲ್ಬೇಕು, ಆ ಕಡೆ ಫುಲ್‌ಬ್ಯಾಕ್ (ಬದಿಯಲ್ಲಿ ಆಡೋ ಡಿಫೆಂಡರ್) ಕೂಡ ಒಳಗೆ ಸರೀಬೇಕು. ಈಗ ಸ್ಟ್ರೈಕರ್ ಬಾಲ್‌ನ ಹಿಂದಕ್ಕೆ ತಳ್ಳಿ ಇನ್ನೊಬ್ಬ ಓಡಿ ಬಂದ್ರೂ ಕವರ್ ಇದೆ. ಪಾರ್ಟ್ನರ್ ಅಲ್ಲೇ ನಿಂತು ನೋಡ್ತಾ ಇದ್ರೆ ಮೊದಲನೆಯೋನು ಮಾಡಿದ ಸರಿಯಾದ ಕೆಲಸನೇ ತಪ್ಪಾಗಿ ಬಿಡತ್ತೆ, ಟಿವಿಯಲ್ಲಿ ಅವನನ್ನೇ ಬೈತಾರೆ. ಬಹಳ ಗೋಲ್‌ಗಳಲ್ಲಿ ತಪ್ಪು ಮಾಡಿರೋದು ಬಾಲ್ ಹತ್ರ ಇದ್ದೋನಲ್ಲ, ಬಾಲ್‌ನಿಂದ ಹತ್ತು ಮೀಟರ್ ದೂರ ಇದ್ದೋನು.

ಒಬ್ಬ ಮುನ್ನುಗ್ಗೋನು, ಒಬ್ಬ ಹಿಂದೆ ನಿಂತು ನೋಡಿಕೊಳ್ಳೋನು, ಹೀಗೇ ಇರ್ಲೇಬೇಕಾ?

ಹಳೇ ಕಾಲದಲ್ಲಿ ಹೀಗೇ ಇತ್ತು. ಬೆಕನ್‌ಬಾವರ್ ಹಿಂದೆ ಲಿಬೆರೊ ಆಗಿ, ಅಂದ್ರೆ ಯಾರನ್ನೂ ಮಾರ್ಕ್ ಮಾಡದೆ ಫ್ರೀಯಾಗಿ, ಆರಾಮಾಗಿ ಆಡ್ತಿದ್ರೆ ಶ್ವಾರ್ಟ್ಸನ್‌ಬೆಕ್ ಮುಂದೆ ನಿಂತು ಒರಟು ಕೆಲಸ ಎಲ್ಲಾ ಮಾಡ್ತಿದ್ದ, ಬಯರ್ನ್‌ಗೂ ಇವರೇ, 1974ರಲ್ಲಿ ವರ್ಲ್ಡ್ ಕಪ್ ಗೆದ್ದ ಪಶ್ಚಿಮ ಜರ್ಮನಿಗೂ ಇವರೇ. ಬೆಕನ್‌ಬಾವರ್ ಹೆಸರು ಎಲ್ಲರಿಗೂ ಗೊತ್ತು, ಇನ್ನೊಬ್ಬನ ಹೆಸರು ಕೇಳಿದ್ರೆ ಬಹಳ ಜನಕ್ಕೆ ಗೊತ್ತಿಲ್ಲ, ಇದು ನನಗೆ ನಿಜವಾಗ್ಲೂ ಬೇಜಾರಿನ ವಿಷಯ.

ಆಮೇಲಿನವರಲ್ಲಿ ಈ ಕೆಲಸದ ಹಂಚಿಕೆ ಇಷ್ಟು ಗಟ್ಟಿಯಾಗಿಲ್ಲ. ಮ್ಯಾಂಚೆಸ್ಟರ್ ಯುನೈಟೆಡ್‌ನ ವಿಡಿಚ್ ಮತ್ತು ಫರ್ಡಿನಾಂಡ್ ತಗೊಳ್ಳಿ. ವಿಡಿಚ್ ತಲೆ ಕೊಟ್ಟು ನುಗ್ಗೋನು, ಫರ್ಡಿನಾಂಡ್ ಓದಿಕೊಂಡು ಹಿಂದೆ ಸ್ವೀಪ್ ಮಾಡೋನು ಅಂತ ಎಲ್ಲರೂ ಹೇಳ್ತಾರೆ, ಸರಿನೇ, ಆದ್ರೆ ಬಾಲ್ ಫರ್ಡಿನಾಂಡ್ ಕಡೆ ಬಂದಾಗ ಅವನೇ ಮುಂದೆ ಹೋಗ್ತಿದ್ದ, ಆಗ ವಿಡಿಚ್ ಹಿಂದೆ ನಿಲ್ತಿದ್ದ. ಇಬ್ಬರ ಸ್ವಭಾವ ಬೇರೆ ಬೇರೆ ಇದ್ರೆ ಅನುಕೂಲ, ಆದ್ರೆ ಇಬ್ಬರಿಗೂ ಎರಡೂ ಕೆಲಸ ಬರ್ಲೇಬೇಕು. ಒಬ್ಬನಿಗೆ ಒಂದೇ ಕೆಲಸ ಬರತ್ತೆ ಅಂತ ಗೊತ್ತಾದ್ರೆ ಎದುರಾಳಿಯ ಒಳ್ಳೆ ಕೋಚ್ ಅರ್ಧ ಗಂಟೆಯಲ್ಲಿ ತನ್ನ ಸ್ಟ್ರೈಕರ್‌ನ ಈ ಕಡೆಯಿಂದ ಆ ಕಡೆಗೆ ಕಳಿಸಿಬಿಡ್ತಾನೆ.

ಎತ್ತರ ಎಷ್ಟಿರಬೇಕು?

ಎತ್ತರ ಇದ್ರೆ ಒಳ್ಳೇದು, ಇಲ್ಲದಿದ್ರೆ ಪ್ರಪಂಚ ಮುಳುಗಲ್ಲ. ಇಟಲಿಯ ಫ್ರಾಂಕೊ ಬರೇಸಿ, ಫಾಬಿಯೊ ಕನ್ನವಾರೊ ಇಬ್ಬರೂ 1.76 ಮೀಟರ್ ಆಸುಪಾಸು, ಬಾರ್ಸಿಲೋನಾದ ಮಸ್ಕೆರಾನೊ ಇನ್ನೂ ಗಿಡ್ಡ, ಅವನೇ ಪಿಕೆ ಪಕ್ಕ ಆಡಿ 2011ರ ಚಾಂಪಿಯನ್ಸ್ ಲೀಗ್ ಫೈನಲ್ ಗೆದ್ದಿದಾನೆ. ಇಬ್ಬರೂ ಗಿಡ್ಡ ಇದ್ರೆ ಮಾತ್ರ ಕ್ರಾಸ್ (ಬದಿಯಿಂದ ಬಾಕ್ಸ್ ಒಳಗೆ ಹಾಕೋ ಬಾಲ್) ಮತ್ತು ಕಾರ್ನರ್‌ನಲ್ಲಿ ಕಷ್ಟ. ಜಿಗಿಯೋ ಟೈಮಿಂಗ್ ಮತ್ತು ಎಲ್ಲಿಂದ ಓಟ ಶುರು ಮಾಡ್ತಾನೆ ಅನ್ನೋದು ಎತ್ತರಕ್ಕಿಂತ ಮುಖ್ಯ.

ಸ್ಪೀಡ್?

ಲೈನ್, ಅಂದ್ರೆ ಡಿಫೆಂಡರ್‌ಗಳು ಸಾಲಾಗಿ ನಿಲ್ಲೋ ಗೆರೆ, ಅದನ್ನ ಎಷ್ಟು ಮೇಲೆ ಇಡ್ತೀರ ಅನ್ನೋದ್ರ ಮೇಲೆ ಹೋಗತ್ತೆ. ಪೆನಾಲ್ಟಿ ಬಾಕ್ಸ್ ಹತ್ರಾನೇ ಆಡೋ ಟೀಮ್ ಆದ್ರೆ ಇಬ್ಬರೂ ನಿಧಾನ ಇದ್ರೂ ನಡೆಯತ್ತೆ, ಅರ್ಧ ಗ್ರೌಂಡ್ ಹತ್ರ ಲೈನ್ ಇಟ್ರೆ ಕನಿಷ್ಠ ಒಬ್ಬನಾದ್ರೂ ತಿರುಗಿ ಓಡೋಕೆ ಬರೋನು ಬೇಕು. 2020ರ ಯೂರೋ ಕಪ್, 2021ರಲ್ಲಿ ನಡೀತಲ್ಲ ಅದು, ಅದನ್ನ ಇಟಲಿ ಗೆದ್ದಾಗ ಅದರ ಸೆಂಟರ್ ಬ್ಯಾಕ್ ಕಿಯೆಲ್ಲಿನಿಗೆ 36, ಬೊನೂಚಿಗೆ 34. ಓಟದಲ್ಲಿ ಗೆಲ್ಲೋಕಾಗಲ್ಲ ಅಂತ ಇಬ್ಬರಿಗೂ ಗೊತ್ತಿತ್ತು, ಅದಕ್ಕೆ ಓಟಕ್ಕೆ ಅವಕಾಶನೇ ಕೊಡದೆ ಮೊದಲೇ ಜಾಗ ಹಿಡೀತಿದ್ರು.

ಒಬ್ಬ ಎಡಗಾಲಿನೋನು ಇರ್ಲೇಬೇಕು ಅಂತಾರಲ್ಲ, ಅಷ್ಟು ಮುಖ್ಯನಾ?

ಡಿಫೆಂಡ್ ಮಾಡೋಕೆ ಅಷ್ಟಿಲ್ಲ, ಬಾಲ್ ಆಡೋಕೆ ಬಹಳ ಇದೆ. ವಿಡಿಚ್ ಬಲಗಾಲಿನೋನು, ಎಡಗಡೆ ಆಡಿದ, ಏನೂ ತೊಂದ್ರೆ ಆಗ್ಲಿಲ್ಲ. ಆದ್ರೆ ಈಗ ಎಲ್ಲಾ ಟೀಮ್ ಹಿಂದಿನಿಂದ ಪಾಸ್ ಮಾಡ್ಕೊಂಡು ಬರ್ತವೆ, ಎಡಗಡೆ ನಿಂತಿರೋ ಬಲಗಾಲಿನೋನು ಬಾಲ್ ತಗೊಂಡ್ರೆ ಅವನ ದೇಹ ಗ್ರೌಂಡ್ ಮಧ್ಯದ ಕಡೆ ತಿರುಗತ್ತೆ, ಪ್ರೆಸ್ ಮಾಡೋನು, ಅಂದ್ರೆ ಬಾಲ್ ಕಿತ್ಕೊಳ್ಳೋಕೆ ಮೇಲೆ ಬೀಳೋನು, ಅದೇ ಕಡೆಯಿಂದ ಬಂದ್ರೆ ಅರ್ಧ ಗ್ರೌಂಡ್ ಅವನಿಗೆ ಮುಚ್ಚಿ ಹೋಯ್ತು. ಎಡಗಾಲಿನೋನಾದ್ರೆ ಹೊರಗಾಲಲ್ಲಿ ಬಾಲ್ ತಗೊಂಡು ಸೈಡ್ ಲೈನ್ ಗುಂಟ ವಿಂಗರ್‌ಗೆ ಪಾಸ್ ಕೊಡಬಹುದು. ಆರ್ಸೆನಲ್‌ನ ಗೇಬ್ರಿಯಲ್ ಎಡಗಾಲು, ಸಲಿಬಾ ಬಲಗಾಲು, ಇಬ್ಬರೂ ತಮ್ಮ ತಮ್ಮ ಕಡೆಗೆ ಸಹಜವಾಗಿ ತೆರ್ಕೊಳ್ತಾರೆ, ಅವರ ಮುಂದೆ ಗ್ರೌಂಡ್ ಅಗಲ ಆದಂಗೆ ಕಾಣ್ಸತ್ತೆ.

ಮ್ಯಾಚಲ್ಲಿ ಇವರು ಅಷ್ಟು ಕೂಗಾಡ್ತಾರಲ್ಲ, ಏನ್ ಹೇಳ್ತಿರ್ತಾರೆ?

ಬಹಳ ಚಿಕ್ಕ ಮಾತುಗಳು. "ನಂದು", "ನಿಂದು", "ಮೇಲೆ", "ಬಿಡು", "ಹಿಂದೆ ಒಬ್ಬ ಇದಾನೆ". ಕ್ರಿಕೆಟಲ್ಲಿ ರನ್ ಓಡುವಾಗ ಯೆಸ್, ನೋ, ವೇಟ್ ಅಂತ ಕೂಗ್ತಾರಲ್ಲ ಹಂಗೇ, ತಡವಾಗಿ ಕೂಗಿದ್ರೆ ಕೂಗದೇ ಇದ್ದಿದ್ದಕ್ಕಿಂತ ಕೆಟ್ಟದು. ಒಂದು ನಿಯಮ ಎಲ್ಲಾ ಒಳ್ಳೆ ಜೋಡಿಗಳಲ್ಲೂ ಇರತ್ತೆ: ಹಿಂದೆ ಇರೋನಿಗೆ ಇಡೀ ಚಿತ್ರ ಕಾಣ್ಸತ್ತೆ, ಅದಕ್ಕೆ ಮಾತಾಡೋನು ಅವನು, ಕೇಳೋನು ಮುಂದೆ ಇರೋನು. ಎತ್ತರದ ಬಾಲ್ ಬಂದಾಗ ಇಬ್ಬರೂ ಸುಮ್ಮನಿದ್ರೆ ಎರಡರಲ್ಲಿ ಒಂದು ಆಗತ್ತೆ, ಇಬ್ಬರೂ ಜಿಗಿದು ಡಿಕ್ಕಿ ಹೊಡೀತಾರೆ ಇಲ್ಲಾ ಇಬ್ಬರೂ ಬಿಟ್ಟು ಸ್ಟ್ರೈಕರ್‌ಗೆ ದಾರಿ ಮಾಡಿಕೊಡ್ತಾರೆ.

ಲೈನ್ ಯಾವಾಗ ಮೇಲೆ ತಗೊಂಡು ಹೋಗ್ಬೇಕು, ಯಾವಾಗ ಹಿಂದೆ ಬರಬೇಕು?

ಈ ಪ್ರಶ್ನೆ ಕೇಳೋರು ಕಮ್ಮಿ, ಆದ್ರೆ ನನಗೆ ಇದಕ್ಕಿಂತ ಇಷ್ಟದ ಪ್ರಶ್ನೆ ಇನ್ನೊಂದಿಲ್ಲ.

ನೋಡ್ಬೇಕಾಗಿರೋದು ಬಾಲ್ ಇರೋ ಆಟಗಾರನ ತಲೆ. ಅವನ ತಲೆ ಕೆಳಗಿದೆ, ಯಾರೋ ಪ್ರೆಸ್ ಮಾಡ್ತಿದಾರೆ, ಅಥವಾ ಅವನು ಹಿಂದಕ್ಕೆ ಪಾಸ್ ಮಾಡ್ತಿದಾನೆ ಅಂದ್ರೆ ಅವನ ಕೈಲಿ ಉದ್ದ ಬಾಲ್ ಹಾಕೋಕಾಗಲ್ಲ, ಆಗ ಮೇಲೆ ಹೋಗಿ. ತಲೆ ಮೇಲೆತ್ತಿದಾನೆ, ಹತ್ರ ಯಾರೂ ಇಲ್ಲ, ಕಾಲು ಹಿಂದಕ್ಕೆ ಹೋಗ್ತಿದೆ ಅಂದ್ರೆ ತಕ್ಷಣ ಹಿಂದೆ ಸರೀರಿ, ಬಾಲ್ ಹೊಡೆಯೋ ತನಕ ಕಾಯಬೇಡಿ, ಯಾಕಂದ್ರೆ ಸ್ಟ್ರೈಕರ್ ಆಗ್ಲೇ ಗೋಲ್ ಕಡೆ ಮುಖ ಮಾಡಿರ್ತಾನೆ, ನೀವು ಇನ್ನೂ ತಿರುಗಬೇಕು. ಅದಕ್ಕೇ ನೇರವಾಗಿ ನಿಲ್ಲದೆ ಅರ್ಧ ತಿರುಗಿ ಓರೆಯಾಗಿ ನಿಲ್ಲೋದು ಅಭ್ಯಾಸ ಆಗ್ಬೇಕು.

ಇದನ್ನ ಇಬ್ಬರೂ ಒಂದೇ ಕ್ಷಣದಲ್ಲಿ ಓದಬೇಕು ಅನ್ನೋದೇ ಕಷ್ಟ. ಒಬ್ಬ ಮೇಲೆ ಹೋದ, ಒಬ್ಬ ಹಿಂದೆ ಸರಿದ ಅಂದ್ರೆ ಹಿಂದೆ ಸರಿದೋನ ಕಾಲು ಎದುರಾಳಿಗಳೆಲ್ಲರನ್ನೂ ಆನ್‌ಸೈಡ್ ಮಾಡತ್ತೆ, ಅಂದ್ರೆ ಆಫ್‌ಸೈಡ್ ಸಿಗಲ್ಲ, ಎರಡು ಹೆಜ್ಜೆ ವ್ಯತ್ಯಾಸ ಸಾಕು. ಕೋಚ್ ಅರಿಗೊ ಸಾಕಿ ಕಾಲದ ಮಿಲಾನ್‌ನಲ್ಲಿ ಬರೇಸಿ ಕೈ ಮೇಲೆತ್ಕೊಂಡು ಮುಂದೆ ಬರೋದು, ಅವನ ಜೊತೆ ಇಡೀ ಲೈನ್ ಒಂದೇ ದಾರಕ್ಕೆ ಪೋಣಿಸಿದ ಹಾಗೆ ಮೇಲೆ ಬರೋದು, ಅದನ್ನ ಆಗ ಯುರೋಪಲ್ಲೆಲ್ಲಾ ಕಲಿಯೋಕೆ ನೋಡಿದ್ರು. ಆ ಲೈನ್ ಎಷ್ಟು ಗಟ್ಟಿ ಅಂದ್ರೆ 1993-94ರಲ್ಲಿ, ಕಪೆಲ್ಲೊ ಕೋಚ್ ಆಗಿದ್ದಾಗ, ಮಿಲಾನ್ ಲೀಗಲ್ಲಿ 34 ಮ್ಯಾಚಿಗೆ ಹೊಡೆದಿದ್ದು ಬರೀ 36 ಗೋಲ್, ಬಿಟ್ಟಿದ್ದು 15, ಅಷ್ಟರಲ್ಲೇ ಚಾಂಪಿಯನ್ ಆಯ್ತು. ಅದೇ ಸೀಸನ್ ಚಾಂಪಿಯನ್ಸ್ ಲೀಗ್ ಫೈನಲ್‌ಗೆ ಬರೇಸಿ, ಕೊಸ್ಟಾಕೂರ್ಟಾ ಇಬ್ಬರೂ ಸಸ್ಪೆಂಡ್, ಮಾಲ್ದಿನಿ ಮತ್ತು ಫಿಲಿಪ್ಪೊ ಗಾಲ್ಲಿ ಮಧ್ಯದಲ್ಲಿ ನಿಂತ್ರು, ಎದುರಿಗೆ ಕ್ರೈಫ್‌ನ ಬಾರ್ಸಿಲೋನಾ, ರಿಸಲ್ಟು 4-0 ಮಿಲಾನ್‌ಗೆ. ಹೆಸರು ಬದಲಾದ್ರೂ ಯಾವಾಗ ಮೇಲೆ ಯಾವಾಗ ಹಿಂದೆ ಅನ್ನೋದು ನಾಲ್ಕೂ ಜನಕ್ಕೆ ಒಂದೇ ರೀತಿ ಗೊತ್ತಿತ್ತು.

ಸ್ಟ್ರೈಕರ್ ಹಿಂದೆ ಹಿಂದೆ ಮಿಡ್‌ಫೀಲ್ಡ್‌ಗೆ ಇಳಿದುಬಿಟ್ರೆ ಯಾರು ಫಾಲೋ ಮಾಡ್ಬೇಕು?

2009ರ ಮೇ 2ರಂದು ರಿಯಲ್ ಮ್ಯಾಡ್ರಿಡ್‌ಗೆ ಇದೇ ಪ್ರಶ್ನೆ ಎದುರಾಯ್ತು. ಎದುರಿಗೆ ಬಾರ್ಸಿಲೋನಾ, ಅದರ ಕೋಚ್ ಗ್ವಾರ್ಡಿಯೋಲಾ ಮೆಸ್ಸಿನ ವಿಂಗಿಂದ ಮಧ್ಯಕ್ಕೆ ತಂದು ಫಾಲ್ಸ್ ನೈನ್ ಆಗಿ, ಅಂದ್ರೆ ಮಿಡ್‌ಫೀಲ್ಡ್‌ಗೆ ಇಳಿಯೋ ಸ್ಟ್ರೈಕರ್ ಆಗಿ ಆಡಿಸಿದ, ಮ್ಯಾಡ್ರಿಡ್‌ನ ಕನ್ನವಾರೊ ಮತ್ತು ಮೆಟ್ಸೆಲ್ಡರ್ ಮುಂದೆ ಮಾರ್ಕ್ ಮಾಡೋಕೆ ಯಾರೂ ಇಲ್ಲ. ಹಿಂದೆ ನಿಂತ್ರೆ ಮೆಸ್ಸಿ ಮಿಡ್‌ಫೀಲ್ಡಲ್ಲಿ ಆರಾಮಾಗಿ ತಿರುಗ್ತಾನೆ, ಬೆನ್ನು ಹತ್ತಿದ್ರೆ ಬಿಟ್ಟ ಜಾಗಕ್ಕೆ ಆನ್ರಿ, ಎಟೊ ನುಗ್ತಾರೆ. 2-6 ಸೋತ್ರು, ಅದೂ ಮನೆ ಗ್ರೌಂಡಲ್ಲಿ.

ಉತ್ತರ ಏನಂದ್ರೆ ಒಬ್ಬ ಇಂತಿಷ್ಟು ದೂರದ ತನಕ ಮಾತ್ರ ಫಾಲೋ ಮಾಡಿ ಆಮೇಲೆ ಮಿಡ್‌ಫೀಲ್ಡರ್‌ಗೆ ಒಪ್ಪಿಸಬೇಕು, ಮತ್ತು ಅವನು ಹೋದಾಗ ಉಳಿದ ಮೂವರು ಒಳಗಡೆ ಮುಚ್ಚಬೇಕು. ಆ ದೂರ ಎಷ್ಟು ಅಂತ ಮ್ಯಾಚಿಗೆ ಮುಂಚೆನೇ ಮಾತಾಡಿಕೊಂಡಿರಬೇಕು. ಗ್ರೌಂಡಲ್ಲಿ ನಿಂತು ಯೋಚನೆ ಮಾಡೋಕೆ ಟೈಮ್ ಇರಲ್ಲ.

ಪಾರ್ಟ್ನರ್ ದೂರ ಇದಾನೆ, ಇಬ್ಬರು ಅಟ್ಯಾಕರ್ ಒಟ್ಟಿಗೆ ಬರ್ತಿದಾರೆ, ಒಬ್ಬನೇ ಏನ್ ಮಾಡ್ಬೇಕು?

ಲಿವರ್‌ಪೂಲ್‌ನ ವ್ಯಾನ್ ಡೈಕ್ ಮಾಡಿದ್ದನ್ನ. 2019ರ ಮಾರ್ಚ್ 31, ಆನ್‌ಫೀಲ್ಡಲ್ಲಿ ಲಿವರ್‌ಪೂಲ್ ಟಾಟನ್‌ಹ್ಯಾಮ್ 1-1, ಕೊನೇ ನಿಮಿಷಗಳು, ಟಾಟನ್‌ಹ್ಯಾಮ್‌ನ ಸಿಸೊಕೊ ಬಾಲ್ ತಗೊಂಡು ಓಡ್ತಿದಾನೆ, ಪಕ್ಕದಲ್ಲಿ ಸನ್. ವ್ಯಾನ್ ಡೈಕ್ ಟ್ಯಾಕಲ್‌ಗೆ ಹೋಗ್ಲೇ ಇಲ್ಲ. ಹಿಂದೆ ಹಿಂದೆ ಓಡ್ತಾ ಸನ್‌ಗೆ ಹೋಗೋ ಪಾಸ್ ದಾರಿಯಲ್ಲೇ ಇದ್ದ, ಸಿಸೊಕೊಗೆ ಶಾಟ್ ಹೊಡಿ ಅಂತ ಜಾಗ ಬಿಟ್ಟ, ಅದೂ ಅವನಿಗೆ ಅಭ್ಯಾಸ ಇಲ್ಲದ ಎಡಗಾಲಿಗೆ. ಪಾಸ್ ಹೋಗಲ್ಲ ಅಂತ ಖಾತ್ರಿ ಆದ್ಮೇಲಷ್ಟೇ ಅವನ ಕಡೆ ನುಗ್ಗಿದ. ಸಿಸೊಕೊ ಎಡಗಾಲಲ್ಲಿ ಹೊಡೆದ, ಬಾಲ್ ಬಾರ್ ಮೇಲಿಂದ ಹಾರಿ ಹೋಯ್ತು, ಲಿವರ್‌ಪೂಲ್ 2-1 ಗೆದ್ದಿತು. ಇಲ್ಲಿ ಗೋಲ್‌ಕೀಪರ್‌ನೇ ಪಾರ್ಟ್ನರ್: ಶಾಟ್ ಅವನ ಪಾಲು, ಪಾಸ್ ಡಿಫೆಂಡರ್ ಪಾಲು. ಕೀಪರ್ ಅಲಿಸನ್‌ಗೂ ಅದು ಗೊತ್ತಿತ್ತು, ಅದಕ್ಕೇ ಗಾಬರಿಯಾಗಿ ಓಡಿ ಬರ್ಲಿಲ್ಲ.

ಒಂದು ಜೋಡಿ ಸೆಟ್ ಆಗೋಕೆ ಎಷ್ಟು ಟೈಮ್ ಬೇಕು?

ಲೆಕ್ಕ ಹಾಕಿ ಹೇಳೋಕಾಗಲ್ಲ, ಆದ್ರೆ ಜೋಡಿ ಮುರಿದಾಗ ಏನಾಗತ್ತೆ ಅಂತ ನೋಡಿದ್ರೆ ಬೆಲೆ ಗೊತ್ತಾಗತ್ತೆ. 2020-21ರಲ್ಲಿ ಲಿವರ್‌ಪೂಲ್‌ಗೆ ಮೊದಲು ವ್ಯಾನ್ ಡೈಕ್, ಆಮೇಲೆ ಗೋಮೆಜ್, ಆಮೇಲೆ ಮಾಟಿಪ್, ಮೂವರೂ ಗಾಯ ಆಗಿ ಉಳಿದ ಸೀಸನ್ ಪೂರ್ತಿ ಹೊರಗೆ. ಮಿಡ್‌ಫೀಲ್ಡರ್‌ಗಳಾದ ಫಾಬಿನ್ಯೊ, ಹೆಂಡರ್ಸನ್ ಹಿಂದೆ ಬಂದು ನಿಂತ್ರು, ವಾರಕ್ಕೊಂದು ಜೋಡಿ, ಹಿಂದಿನ ವರ್ಷ ಚಾಂಪಿಯನ್ ಆಗಿದ್ದ ಟೀಮು ಆನ್‌ಫೀಲ್ಡಲ್ಲೇ ಲೀಗಲ್ಲಿ ಸತತ ಆರು ಮ್ಯಾಚ್ ಸೋತಿತು. ಆಮೇಲೆ ಏನಾಯ್ತು ಅನ್ನೋದು ಇನ್ನೂ ಮುಖ್ಯ. ಫಾಬಿನ್ಯೊ ಮಿಡ್‌ಫೀಲ್ಡ್‌ಗೆ ವಾಪಸ್ ಹೋದ, ಕೊನೇ ವಾರಗಳಲ್ಲಿ ನ್ಯಾಟ್ ಫಿಲಿಪ್ಸ್, ರೀಸ್ ವಿಲಿಯಮ್ಸ್ ಅನ್ನೋ ಅನುಭವ ಇಲ್ಲದ ಹುಡುಗರು ಒಟ್ಟಿಗೆ ಆಡಿ ಟೀಮ್‌ನ ಮೂರನೇ ಸ್ಥಾನಕ್ಕೆ ತಂದ್ರು. ದೊಡ್ಡ ಹೆಸರಿನ ತಾತ್ಕಾಲಿಕ ಜೋಡಿಗಿಂತ ಸಣ್ಣ ಹೆಸರಿನ ಸ್ಥಿರ ಜೋಡಿ ಮೇಲು ಅಂತ ನಾನು ನಂಬೋಕೆ ಇದೂ ಒಂದು ಕಾರಣ.

ಆರ್ಸೆನಲ್ ಕಥೆನೂ ಇಂಥದ್ದೇ, 2023ರ ಮಾರ್ಚಲ್ಲಿ ಸಲಿಬಾ ಬೆನ್ನು ಕೈಕೊಡ್ತು, ಟೇಬಲ್ ಟಾಪಲ್ಲಿದ್ದ ಟೀಮ್ ಕೊನೆಗೆ ಎರಡನೇ ಸ್ಥಾನ. ಮುಂದಿನ ಸೀಸನ್ ಸಲಿಬಾ 38ಕ್ಕೆ 38 ಮ್ಯಾಚ್ ಆಡಿದ, ಪ್ರೀಮಿಯರ್ ಲೀಗಲ್ಲೇ ಅತಿ ಕಮ್ಮಿ, 29 ಗೋಲ್ ಬಿಟ್ರು.

ಇದಕ್ಕೆ ಉಲ್ಟಾ ಉದಾಹರಣೆನೂ ಇದೆ, ಮುಚ್ಚಿಡಲ್ಲ. 2006ರ ವರ್ಲ್ಡ್ ಕಪ್ಪಲ್ಲಿ ಕನ್ನವಾರೊಗೆ ಪಾರ್ಟ್ನರ್ ಬದಲಾಗ್ತಾನೇ ಇದ್ರು, ನೆಸ್ಟಾ ಗಾಯ ಆದ, ಮತೆರಾಜ್ಜಿ ಬಂದ, ಅವನಿಗೆ ಆಸ್ಟ್ರೇಲಿಯಾ ಮೇಲೆ ರೆಡ್ ಕಾರ್ಡ್ ಬಿತ್ತು, ಕ್ವಾರ್ಟರ್ ಫೈನಲ್‌ಗೆ ಬರ್ಜಾಲಿ. ಆದ್ರೂ ಇಟಲಿ ಇಡೀ ಟೂರ್ನಿಯಲ್ಲಿ ಬಿಟ್ಟಿದ್ದು ಎರಡೇ ಗೋಲ್, ಒಂದು ತಮ್ಮವನೇ ಹೊಡೆದ ಓನ್ ಗೋಲ್, ಇನ್ನೊಂದು ಫೈನಲಲ್ಲಿ ಜಿದಾನ್ ಪೆನಾಲ್ಟಿ. ಹಿಂದೆ ಕೀಪರ್ ಬುಫಾನ್, ಮುಂದೆ ಮಿಡ್‌ಫೀಲ್ಡಲ್ಲಿ ಗಟ್ಟುಸೊ, ಎಲ್ಲರೂ ಒಂದೇ ಪಾಠಶಾಲೆಯ ಡಿಫೆಂಡಿಂಗ್ ಕಲಿತೋರು, ಮತ್ತೆ ಆ ತಿಂಗಳು ಕನ್ನವಾರೊ ಆಡಿದ ಹಾಗೆ ಆಡೋ ಡಿಫೆಂಡರ್ ದಿನಾ ಸಿಗಲ್ಲ.

ಗೋಲ್‌ಕೀಪರ್, ಡಿಫೆನ್ಸಿವ್ ಮಿಡ್‌ಫೀಲ್ಡರ್ ಪಾತ್ರ ಎಷ್ಟು?

ಬಹಳ. 2004-05ರಲ್ಲಿ ಚೆಲ್ಸಿ 38 ಮ್ಯಾಚಲ್ಲಿ ಬರೀ 15 ಗೋಲ್ ಬಿಟ್ಟಿತು, ಹೆಸರು ಟೆರಿ ಮತ್ತು ಕಾರ್ವಾಲ್ಯೊಗೆ ಬಂತು, ಬರಬೇಕಾದ್ದೇ, ಆದ್ರೆ ಹಿಂದೆ ಕೀಪರ್ ಚೆಕ್ ಇದ್ದ, ಮುಂದೆ ಮಿಡ್‌ಫೀಲ್ಡಲ್ಲಿ ಮಕೆಲೆಲೆ ನಿಂತು ಸ್ಟ್ರೈಕರ್ ಕಾಲಿಗೆ ಬರೋ ಪಾಸ್‌ನೇ ಕಟ್ ಮಾಡ್ತಿದ್ದ.

ಸೆಂಟರ್ ಬ್ಯಾಕ್‌ಗೆ ಪಾಸಿಂಗ್ ಯಾಕೆ ಬೇಕು, ಹೊಡೆದು ಆಚೆ ಕಳಿಸಿದ್ರೆ ಆಗಲ್ವಾ?

ರೂಲ್ಸ್ ಬದಲಾಗಿದೆ. 1992ರಲ್ಲಿ ಬ್ಯಾಕ್ ಪಾಸ್ ನಿಯಮ ಬಂದಾಗಿಂದ ಕೀಪರ್ ಕೈಗೆ ಬಾಲ್ ಕೊಟ್ಟು ಉಸಿರು ಬಿಡೋ ಹಾಗಿಲ್ಲ, 2019ರಿಂದ ಗೋಲ್ ಕಿಕ್‌ನ ಬಾಕ್ಸ್ ಒಳಗೇ ಪಾಸ್ ಆಗಿ ತಗೋಬಹುದು, ಅದಕ್ಕೇ ಇಬ್ಬರೂ ಕೀಪರ್‌ನ ಎಡಕ್ಕೆ ಬಲಕ್ಕೆ ಬಂದು ನಿಲ್ತಾರೆ. ಬಾಲ್ ಹೊಡೆದು ಕಳಿಸಿದ್ರೆ ಹತ್ತು ಸೆಕೆಂಡಲ್ಲಿ ವಾಪಸ್ ಬರತ್ತೆ. ಹಾಗಂತ ಡಿಫೆಂಡಿಂಗ್ ಬರದೇ ಇರೋನನ್ನ ಬರೀ ಪಾಸ್ ಚೆನ್ನಾಗಿದೆ ಅಂತ ಅಲ್ಲಿ ನಿಲ್ಲಿಸೋದು ನನಗೆ ಸರಿ ಕಾಣ್ಸಲ್ಲ, ಮೊದಲು ತನ್ನ ಬಾಕ್ಸ್ ಕಾಪಾಡ್ಬೇಕು.

ಮೂರು ಸೆಂಟರ್ ಬ್ಯಾಕ್ ಇದ್ರೆ ಈ ತಲೆನೋವೆಲ್ಲಾ ಹೋಗತ್ತಾ?

ಸ್ವಲ್ಪ ಕಮ್ಮಿ ಆಗತ್ತೆ, ಒಬ್ಬ ಮುಂದೆ ಹೋದ್ರೂ ಹಿಂದೆ ಇಬ್ಬರು ಉಳೀತಾರೆ. ಬರ್ಜಾಲಿ, ಬೊನೂಚಿ, ಕಿಯೆಲ್ಲಿನಿ ಇದ್ದ ಯುವೆಂಟಸ್ ಲೀಗಲ್ಲಿ ವರ್ಷಗಟ್ಟಲೆ ಹೀಗೇ ಆಳಿತು. ಆದ್ರೆ ಮೂವರಿದ್ರೆ ಗ್ಯಾಪ್ ಎರಡು, ಮಾತು ಇನ್ನೂ ಜಾಸ್ತಿ ಬೇಕು.

ಟಿವಿಯಲ್ಲಿ ನೋಡುವಾಗ ಒಳ್ಳೆ ಜೋಡಿನ ಹೇಗೆ ಗುರುತಿಸೋದು?

ಟ್ಯಾಕಲ್ ಎಣಿಸಬೇಡಿ, ಜಾಗ ತಪ್ಪಿದ ಡಿಫೆಂಡರ್‌ಗೇ ಟ್ಯಾಕಲ್ ಜಾಸ್ತಿ ಬೇಕಾಗತ್ತೆ. ಹತ್ತು ನಿಮಿಷ ಬಾಲ್ ಬಿಟ್ಟು ಬಾಲ್ ಇಲ್ಲದ ಸೆಂಟರ್ ಬ್ಯಾಕ್‌ನ ನೋಡಿ. ಅವನು ಎಷ್ಟು ಸಲ ಹಿಂದೆ ತಿರುಗಿ ನೋಡ್ತಾನೆ, ಪಾರ್ಟ್ನರ್ ಕದಲಿದ ಕೂಡ್ಲೇ ಅವನೂ ಕದಲ್ತಾನಾ, ಕ್ರಾಸ್ ಬರೋ ಮುಂಚೆ ಸ್ಟ್ರೈಕರ್‌ನ ಕೈಯಿಂದ ಮುಟ್ಟಿ ಎಲ್ಲಿದಾನೆ ಅಂತ ಖಾತ್ರಿ ಮಾಡ್ಕೊಳ್ತಾನಾ. ಗೋಲ್ ಬಿದ್ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಕೈ ಚಾಚಿದ್ರೆ ಅಲ್ಲಿ ಯಾವುದೋ ಮಾತು ಆಡದೇ ಉಳಿದಿತ್ತು ಅಂತ ತಿಳ್ಕೊಳ್ಳಿ.

ನಮ್ಮ ಟೀಮಲ್ಲಿ ಇದನ್ನ ಪ್ರಾಕ್ಟೀಸ್ ಮಾಡೋದು ಹೇಗೆ?

ಬಾಕ್ಸ್ ಅಗಲದಷ್ಟು ಜಾಗ ತಗೊಳ್ಳಿ, ಸುಮಾರು 40 ಮೀಟರ್. ಇಬ್ಬರು ಡಿಫೆಂಡರ್, ಇಬ್ಬರು ಸ್ಟ್ರೈಕರ್, ಎದುರಿಗೆ ಪಾಸ್ ಕೊಡೋಕೆ ಇಬ್ಬರು. ಮೊದಲು ಟ್ಯಾಕಲ್ ಇಲ್ಲದೆ, ಬಾಲ್ ಆ ಕಡೆ ಈ ಕಡೆ ಹೋದಾಗ ಯಾರು ಮುಂದೆ ಯಾರು ಕವರ್ ಅನ್ನೋದಷ್ಟೇ, ನಿಧಾನಕ್ಕೆ. ಆಮೇಲೆ ನಿಜವಾದ ಆಟ. ಪಾಸ್ ಕೊಡೋನು ಒಮ್ಮೊಮ್ಮೆ ತಲೆ ಎತ್ತಿ ಉದ್ದ ಹೊಡೀಲಿ, ಒಮ್ಮೊಮ್ಮೆ ಹಿಂದೆ ತಿರುಗಲಿ, ಇಬ್ಬರೂ ಒಟ್ಟಿಗೆ ಪ್ರತಿಕ್ರಿಯೆ ಕೊಡ್ತಾರಾ ನೋಡಿ. ಕೂಗದೇ ಇದ್ದೋರನ್ನ ನಿಲ್ಲಿಸಿ ಮತ್ತೆ ಮಾಡ್ಸಿ. ವಾರ ವಾರ ಜೋಡಿ ಬದಲಾಯಿಸ್ಬೇಡಿ, ದಯವಿಟ್ಟು, ಒಂದು ಮ್ಯಾಚ್ ಸೋತ್ರೂ.

ನಿಮ್ಮ ಪ್ರಕಾರ ಬೆಸ್ಟ್ ಜೋಡಿ ಯಾವುದು?

ಬರೇಸಿ-ಕೊಸ್ಟಾಕೂರ್ಟಾ. ವಿಡಿಚ್-ಫರ್ಡಿನಾಂಡ್ ಬಹಳ ಹತ್ತಿರ, 2008-09ರಲ್ಲಿ ಯುನೈಟೆಡ್ ಲೀಗಲ್ಲಿ ಸತತ 14 ಮ್ಯಾಚ್ ಗೋಲ್ ಬಿಡ್ಲಿಲ್ಲ, ಫರ್ಡಿನಾಂಡ್ ಗಾಯ ಆಗಿದ್ದಾಗ ಜಾನಿ ಎವನ್ಸ್ ಕೂಡ ಆ ಸಾಲಲ್ಲಿ ಆಡಿದಾನೆ ಅನ್ನೋದನ್ನ ಮರೀಬಾರ್ದು. ಆದ್ರೆ ಅದೇ ಸೀಸನ್ ಮಾರ್ಚಲ್ಲಿ ಲಿವರ್‌ಪೂಲ್ ಸ್ಟ್ರೈಕರ್ ಟೊರೆಸ್ ಎದುರಿಗೆ ವಿಡಿಚ್ ಒಂದು ಉದ್ದ ಬಾಲ್‌ನ ಪುಟಿಯೋಕೆ ಬಿಟ್ಟ, ಟೊರೆಸ್ ಕಿತ್ಕೊಂಡು ಗೋಲ್ ಹೊಡೆದ, ಲಿವರ್‌ಪೂಲ್ 4-1 ಗೆದ್ದಿತು. ಪಿಕೆ-ಪುಯೋಲ್ ನನ್ನ ಲಿಸ್ಟಲ್ಲಿ ಮೂರನೇದು, 2010ರ ವರ್ಲ್ಡ್ ಕಪ್ ನಾಕೌಟಲ್ಲಿ ಸ್ಪೇನ್ ಒಂದೂ ಗೋಲ್ ಬಿಡದೆ ನಾಲ್ಕೂ ಮ್ಯಾಚ್ 1-0 ಗೆದ್ದಿದ್ದು, ಸೆಮಿಫೈನಲ್ ಗೋಲ್ ಪುಯೋಲ್ ತಲೆಯಿಂದಲೇ ಬಂದಿದ್ದು.

ಕೊನೇ ಪ್ರಶ್ನೆ, ಇಬ್ಬರಲ್ಲಿ ಒಬ್ಬನಿಗೆ ಬೇಗ ಯೆಲ್ಲೋ ಕಾರ್ಡ್ ಬಿದ್ರೆ?

ಕೆಲಸ ಅದಲು ಬದಲು ಮಾಡ್ಕೊಳ್ಳಿ, ಕಾರ್ಡ್ ಬಿದ್ದೋನು ಹಿಂದೆ ಕವರ್‌ಗೆ, ಇನ್ನೊಬ್ಬ ಮುಂದೆ ಹೋಗಿ ಸ್ಟ್ರೈಕರ್ ಜೊತೆ ಗುದ್ದಾಡೋಕೆ. ಎದುರಾಳಿ ಬೇಕಂತಲೇ ಕಾರ್ಡ್ ಬಿದ್ದೋನ ಕಡೆಗೇ ಬಾಲ್ ತರ್ತಾರೆ, ಆಗ ಆ ಕಡೆ ಫುಲ್‌ಬ್ಯಾಕ್ ಸ್ವಲ್ಪ ಒಳಗೆ ನಿಲ್ಲಲಿ, ಮೇಲೆ ಓಡೋದು ಕಮ್ಮಿ ಮಾಡಲಿ. ಹಾಫ್ ಟೈಮ್ ತನಕ ಕಾಯದೆ ಕಾರ್ಡ್ ಬಿದ್ದ ನಿಮಿಷದಲ್ಲೇ ಇದನ್ನ ಇಬ್ಬರೂ ಮಾತಾಡಿಕೊಳ್ಳಿ.